ಏರಿಗೊಂದು ಬುಟ್ಟಿ ಮಣ್ಣು

ಬನ್ನಿಹಟ್ಟಿಯ ಕೆರೆಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳಿಗೆ ಮೂಕಮ್ಮನ ಪಾವಟಿಗೆ ಎಂದು ಹೆಸರು. ಆ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಿಲ್ಲ. ಕೆತ್ತಿಸುವ ಅಗತ್ಯವೂ ಬಿದ್ದಿಲ್ಲ.

ಐವತ್ತು ವರ್ಷಗಳಿಗೂ ಹಿಂದಿನ ಮಾತು. ಬೇಸಿಗೆಯಲ್ಲಿ ಕೆರೆಯ ಏರಿಯನ್ನು ಎತ್ತರಿಸುವ ಕೆಲಸ ನಡೆದಿತ್ತು. ಮಣ್ಣು ಹೊತ್ತವರು ಕೇರಿಯ ಹೆಂಗಸರು. ಏರಿ ಎದ್ದು, ಮಳೆ ಬಂದು, ಕೆರೆ ತುಂಬಿದ ಮೇಲೆ ಅದೇ ಹೆಂಗಸರು ಕೊಡ ಹಿಡಿದು ದೂರದಲ್ಲಿ ನಿಂತು, ಮೇಲಿನ ಬೀದಿಯವರು ಯಾರಾದರೂ ಮನಸ್ಸು ಮಾಡಿ ನೀರು ಸುರಿಯಲೆಂದು ಕಾಯಬೇಕಾಗಿತ್ತು.

ಒಂದು ಬೆಳಿಗ್ಗೆ ಮೂಕಮ್ಮ ಕಾಯಲಿಲ್ಲ. ಮದುವೆಯಾಗಿ ವರ್ಷ ತುಂಬದ ಹೆಣ್ಣು, ಕೊಡವನ್ನು ಮನೆಯಲ್ಲಿಟ್ಟು, ಖಾಲಿ ಬುಟ್ಟಿಯೊಂದನ್ನು ಹಿಡಿದು ಏರಿಯ ಮೇಲೆ ಹೋಗಿ ಕುಳಿತಳು.

"ನೀರು ಮುಟ್ಟಬ್ಯಾಡ್ರಿ ಅಂದ್ರೆ ನಮ್ಮ ಮಣ್ಣು ನಮಗೆ ವಾಪಸ್ ಕೊಡ್ರಿ. ನಾವು ಹೊತ್ತಿದ್ದು ಅಷ್ಟೂ ಹೊತ್ಕೊಂಡು ಹೋಗ್ತೀವಿ."

ಮೇಲಿನ ಬೀದಿ ನಕ್ಕಿತು. ಸಂಜೆಯೊಳಗೆ ಕೇರಿಯ ಹೆಂಗಸರೆಲ್ಲ ಖಾಲಿ ಬುಟ್ಟಿಗಳೊಂದಿಗೆ ಅವಳ ಪಕ್ಕಕ್ಕೆ ಬಂದು ಕುಳಿತಾಗ ನಗು ನಿಂತಿತು. ಬೈಗುಳ ಬಂದವು, ಕಲ್ಲು ಬಂದವು. ಒಂದು ಕಲ್ಲು ಅವಳ ಹುಬ್ಬಿನ ಮೇಲೆ ತನ್ನ ಗುರುತನ್ನು ಬಿಟ್ಟು ಹೋಯಿತು. ಅವರು ಏಳಲಿಲ್ಲ. ದಿನಗಳು ಕಳೆದವು. ಕಡೆಗೆ ಏಳಬೇಕಾದವರು ಪಂಚರೇ ಆದರು. ಕೇರಿಯ ದಿಕ್ಕಿಗೆ ಪಾವಟಿಗೆ ಕಟ್ಟಿಸುವುದೆಂದು ತೀರ್ಮಾನವಾಯಿತು. ಮೊದಲ ಕೊಡವನ್ನು ಮೂಕಮ್ಮನೇ ಮುಳುಗಿಸಿದಳು.

ಈ ಕಥೆಯನ್ನು ಅವಳು ಈಗಲೂ ಹೇಳುತ್ತಾಳೆ. ಹುಬ್ಬಿನ ಗುರುತು ತೋರಿಸಿಯೇ ಹೇಳುತ್ತಾಳೆ. ಹಿರಿಯ ಮೊಮ್ಮಗಳು ಮಮತಾ ಅದನ್ನು ಕೇಳುತ್ತಲೇ ಬೆಳೆದು, ಗ್ರಾಮ ಪಂಚಾಯಿತಿಯ ಚುನಾವಣೆಗೆ ನಿಂತು ಗೆದ್ದವಳು. ಕಿರಿಯ ಮೊಮ್ಮಗಳು ರಕ್ಷಾ ಜಗಳೂರಿನಲ್ಲಿ ಪಿಯುಸಿ ಓದುವವಳು. ಕಥೆ ಶುರುವಾದೊಡನೆ, "ಸಾವಿರ ಸಲ ಕೇಳೀನಿ, ಬಿಡಜ್ಜಿ" ಎಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುವವಳು.

*

ಈಗಿನ ಮಳೆಗೆ ಹಿಂದಿನ ಮಳೆಯ ನಡತೆ ಇಲ್ಲ. ಬರಬೇಕಾದ ತಿಂಗಳುಗಳಲ್ಲಿ ಮುಖ ತೋರಿಸದೆ, ಬಂದಾಗ ತಿಂಗಳ ಮಳೆಯನ್ನೆಲ್ಲ ಒಂದೇ ಸಂಜೆ ಸುರಿದು ಹೋಗುತ್ತದೆ. ಹೂಳು ತುಂಬಿದ ಕೆರೆ ಅಂಥ ನೀರನ್ನು ಹಿಡಿದಿಡಲಾರದು. ತೂಬಿನ ಬಳಿ ಬಿರುಕು ಬಿಟ್ಟ ಏರಿ ಅದನ್ನು ತಡೆಯಲಾರದು. ಏರಿ ಒಡೆದರೆ ಮೊದಲು ಕೊಚ್ಚಿ ಹೋಗುವುದು ತಗ್ಗಿನಲ್ಲಿರುವ ಕೇರಿ. ಆದ್ದರಿಂದಲೇ ಮಮತಾ ಗ್ರಾಮಸಭೆಯಲ್ಲಿ ಎದ್ದು ನಿಂತು, ಮಳೆಗಾಲಕ್ಕೆ ಮೊದಲೇ ಹೂಳೆತ್ತಿ ಏರಿ ಭದ್ರಪಡಿಸಬೇಕೆಂದು ಠರಾವು ಮಾಡಿಸಿದ್ದಳು.

ಮೇಲಿನ ಬೀದಿಯ ರೇವಣ್ಣನವರು ಟ್ರ್ಯಾಕ್ಟರುಗಳನ್ನು ಕೊಟ್ಟರು. ಉಳಿದ ಕೈಗಳಿಗಾಗಿ ಮಮತಾ ಮುಯ್ಯಾಳು ಬಳಗವನ್ನು ಕರೆದಳು. ಒಂದು ಮನೆಯವರು ಇನ್ನೊಂದು ಮನೆಯ ಹೊಲದಲ್ಲಿ ದುಡಿದು, ಕೂಲಿಯ ಬದಲು ಅವರ ದುಡಿಮೆಯನ್ನೇ ಮರಳಿ ಪಡೆಯುವುದು ಮುಯ್ಯಿ. ಆ ಹಳೆಯ ಪದ್ಧತಿಯನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಯುವಕ ಯುವತಿಯರು ನೀರಿಗೂ ಮರಕ್ಕೂ ತಂದಿದ್ದರು. ಒಂದು ಭಾನುವಾರ ಎಲ್ಲರೂ ಸೂಳೆಕೆರೆಯ ಕಾಲುವೆಗೆ ಇಳಿದರೆ, ಇನ್ನೊಂದು ಭಾನುವಾರ ನ್ಯಾಮತಿಯ ಗುಡ್ಡದಲ್ಲಿ ಕಾಳ್ಗಿಚ್ಚು ಹರಡದಿರಲೆಂದು ತರಗು ಗುಡಿಸುತ್ತಿದ್ದರು. ಆ ಭಾನುವಾರ ಬನ್ನಿಹಟ್ಟಿಯ ಸರದಿ.

ಚನ್ನಗಿರಿ ಕಡೆಯಿಂದ ಬಂದ ಬೊಲೆರೊದಿಂದ ಇಳಿದವರಲ್ಲಿ ಒಬ್ಬ ಹೊಸಬನಿದ್ದ. ನಲ್ಲೂರಿನ ಅಡಿಕೆ ವ್ಯಾಪಾರಿ ಕಲ್ಲೇಶಪ್ಪನವರ ಮಗ ಸತೀಶ್ ಕುಮಾರ್. ಹೂಳೆತ್ತಲು ಬಂದವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ.

ಮಮತಾ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಸಾವ್ಕಾರ್ರೆ, ಹೂಳು ತೆಗಿಯಾಕೆ ಬಂದೀರೋ, ಹೆಣ್ಣು ನೋಡಾಕೆ ಬಂದೀರೋ?"

ಸುತ್ತಲಿನವರು ಗೊಳ್ಳೆಂದರು. ಅವನು ತನ್ನ ಅಂಗಿಯನ್ನು ಒಮ್ಮೆ ನೋಡಿಕೊಂಡು, ಅವಳನ್ನು ಒಮ್ಮೆ ನೋಡಿದ.

"ಹೂಳು ತೆಗಿಯಾಕೇ ಬಂದಿದ್ದೆ ಮೆಂಬರ್ರೆ. ಇನ್ನೊಂದು ಕೆಲ್ಸಾನೂ ಇಲ್ಲೇ ಐತೆ ಅಂತ ಗೊತ್ತಿರಲಿಲ್ಲ."

ಈ ಸಲ ನಗು ಇನ್ನೂ ದೊಡ್ಡದಾಯಿತು. ಮಮತಾಳ ಬಾಯಲ್ಲಿ ಸಿದ್ಧವಾಗಿದ್ದ ಮಾತು ಅಲ್ಲಿಯೇ ಉಳಿಯಿತು. ಅಂಥದು ಅವಳಿಗೆ ಹೊಸದು. ಮಾತಿನ ಬದಲು ಒಂದು ಸಲಿಕೆಯನ್ನು ಅವನ ಕೈಗಿತ್ತು ಹೊರಟುಹೋದಳು.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಬಿಳಿ ಅಂಗಿ ಯಾವ ಬಣ್ಣದ್ದೆಂದು ಹೇಳುವುದು ಕಷ್ಟವಾಗಿತ್ತು. ಅವನು ನಿಲ್ಲದೆ ಅಗೆಯುತ್ತಿದ್ದ. ನಡುನಡುವೆ ಹಣೆಯ ಬೆವರನ್ನು ತೋಳಿನಿಂದ ಒರೆಸುವ ನೆವದಲ್ಲಿ ಏರಿಯತ್ತ ಕಣ್ಣು ಹಾಯಿಸುತ್ತಿದ್ದ. ಮಮತಾ ಅದನ್ನು ಗಮನಿಸಲಿಲ್ಲ. ಎಷ್ಟು ಸಲ ಗಮನಿಸಲಿಲ್ಲವೆಂಬುದು ಮಾತ್ರ ಅವಳಿಗೆ ಚೆನ್ನಾಗಿ ನೆನಪಿತ್ತು.

*

ಬನ್ನಿಹಟ್ಟಿಯಲ್ಲಿ ಒಂದು ಪದ್ಧತಿ ಇದೆ. ಹೊಸ ಮದುಮಕ್ಕಳು ಹೊಸ್ತಿಲು ತುಳಿಯುವ ಮೊದಲು ಬಿದಿರ ಬುಟ್ಟಿಯಲ್ಲಿ ಕೆರೆಯ ಹಸಿಮಣ್ಣು ತುಂಬಿ, ಬುಟ್ಟಿಯ ಒಂದು ಅಂಚನ್ನು ಹೆಣ್ಣು, ಇನ್ನೊಂದು ಅಂಚನ್ನು ಗಂಡು ಹಿಡಿದು, ಏರಿಯ ಮೇಲೆ ಸುರಿಯಬೇಕು. ಆ ಮಣ್ಣು ಏರಿಗೆ ಬಿದ್ದರೆ ಮದುವೆಗೆ ಊರಿನ ಸಾಕ್ಷಿ ಬಿದ್ದಂತೆ. ಮೇಲಿನ ಬೀದಿಯವರು ನಡುವೆ, ತೂಬಿನ ಮೇಲೆ ಸುರಿಯುತ್ತಾರೆ. ಕೇರಿಯವರು ಏರಿಯ ತುದಿಯಲ್ಲಿ ಸುರಿಯುತ್ತಾರೆ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಯಾರೂ ಮೀರಿಯೂ ಇರಲಿಲ್ಲ. ಉಳಿದ ದಿನಗಳಲ್ಲಿ ಈಗ ಮಣ್ಣು ಹೊರುವುದು ಕಬ್ಬಿಣದ ಬಾಂಡ್ಲಿಯಲ್ಲಿ, ಒಬ್ಬೊಬ್ಬರೇ.

ಆ ದಿನ ಬಂದ ಜನಕ್ಕೆ ಬಾಂಡ್ಲಿಗಳು ಸಾಲಲಿಲ್ಲ. ಮಮತಾ ಮನೆಗೆ ಹೋಗಿ, ಅಟ್ಟದ ಮೇಲಿದ್ದ ಅಜ್ಜಿಯ ಹಳೆಯ ಬಿದಿರ ಬುಟ್ಟಿಯನ್ನು ಇಳಿಸಿ ತಂದಳು. ಹಸಿ ಹೂಳು ತುಂಬಿ ಎತ್ತಿದರೆ ಅದು ಎಣಿಸಿದ್ದಕ್ಕಿಂತ ಭಾರವಿತ್ತು. ಏರಿಯ ಇಳಿಜಾರಿನಲ್ಲಿ ಅವಳ ಕಾಲು ಜಾರಿದ್ದನ್ನು ಕಂಡು ಸತೀಶ್ ಸಲಿಕೆ ಎಸೆದು ಓಡಿಬಂದು ಬುಟ್ಟಿಯ ಇನ್ನೊಂದು ಅಂಚನ್ನು ಹಿಡಿದ.

"ಬಿಡ್ರಿ," ಎಂದಳು ಮಮತಾ.

"ಇರಲಿ ಬಿಡ್ರಿ ಮೆಂಬರ್ರೆ, ಭಾರ ಐತೆ."

"ನಿಮಗೆ ಗೊತ್ತಾಗಲ್ಲ, ಬಿಡ್ರಿ ಅಂದೆ."

"ಹೂಳು ಹೊರೋದ್ರಾಗೆ ಗೊತ್ತಾಗೋದು ಏನೈತ್ರಿ?"

ಅವಳು ತನ್ನ ಅಂಚನ್ನು ಕೈಬಿಡಬಹುದಾಗಿತ್ತು. ಬುಟ್ಟಿ ಉರುಳುತ್ತಿತ್ತು, ಅಷ್ಟೆ. ಏಕೆ ಬಿಡಲಿಲ್ಲ ಎಂಬ ಪ್ರಶ್ನೆಯನ್ನು ಅವಳು ಮುಂದೆ ಅನೇಕ ಸಲ ತನಗೆ ತಾನೇ ಕೇಳಿಕೊಂಡಳು. ಆ ಗಳಿಗೆಯಲ್ಲಿ ಅವಳಿಗೆ ತಿಳಿದಿದ್ದುದು ಇಷ್ಟೇ: ಬಿದಿರ ಅಂಚಿನ ಆಚೆ ಇನ್ನೊಂದು ಕೈ ಇದೆ, ಭಾರ ಅರ್ಧವಾಗಿದೆ, ಎದೆಬಡಿತ ಎರಡರಷ್ಟಾಗಿದೆ.

ಇಬ್ಬರೂ ಏರಿ ಹತ್ತಿದರು. ಬಿರುಕು ಇದ್ದದ್ದು ತೂಬಿನ ಮೇಲೆ. ಬುಟ್ಟಿ ಬಾಗಿತು, ಮಣ್ಣು ಬಿತ್ತು.

ಕೆರೆಯ ಅಂಗಳದಲ್ಲಿ ಸಲಿಕೆಗಳ ಸದ್ದು ಒಮ್ಮೆಗೇ ನಿಂತಿತು. ಕೇರಿಯ ಹೆಂಗಸೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರೇವಣ್ಣನವರು ಟ್ರ್ಯಾಕ್ಟರಿನ ಪಕ್ಕದಲ್ಲಿ ನಿಂತವರು ಹಾಗೆಯೇ ಸೆಟೆದರು. ಏನಾಯಿತೆಂದು ತಿಳಿಯದೆ ಕೈ ಕೊಡವುತ್ತಿದ್ದ ಸತೀಶನ ಮುಂದೆ ರಕ್ಷಾ ಒಂದು ತಂಬಿಗೆ ಹಿಡಿದು ಪ್ರತ್ಯಕ್ಷಳಾದಳು. ಅವಳ ಇಯರ್‌ಫೋನ್ ಕೊರಳಲ್ಲಿ ಜೋತಾಡುತ್ತಿತ್ತು.

"ನೀರು ಕುಡೀರಿ ಭಾವಾ."

"ಭಾವಾ?"

"ಮತ್ತೇನಂತ ಕರೀಲಿ? ನಮ್ಮೂರಾಗೆ ಮದುವೆ ಆದೋರು ಮಾತ್ರ ಹಿಂಗೆ ಬುಟ್ಟಿ ಹಿಡಿಯೋದು. ಊಟ ಹಾಕಿಸ್ತೀರೋ, ಹಂಗೇ ಓಡಿಹೋಗ್ತೀರೋ?"

ಸತೀಶ್ ನೀರನ್ನು ನುಂಗಿದನೋ ಉಗುಳಿದನೋ ತಿಳಿಯಲಿಲ್ಲ. ಅವನ ಕಿವಿಗಳು ಮಾತ್ರ, ಹೂಳಿನ ಲೇಪದ ಅಡಿಯಲ್ಲಿಯೂ, ಕೆಂಪಾಗಿದ್ದುದನ್ನು ಮಮತಾ ಕಂಡಳು. ನಗಬಾರದೆಂದು ತುಟಿ ಕಚ್ಚಿದಳು. ಆಗಲಿಲ್ಲ.

*

ಆ ನಗುವಿನ ಆಯುಷ್ಯ ಸಂಜೆಯವರೆಗೆ ಮಾತ್ರ. ಹೊರಗಿನವರು ಹೋದ ಮೇಲೆ ರೇವಣ್ಣನವರು ಅರಳಿಕಟ್ಟೆಗೆ ಜನ ಸೇರಿಸಿದರು. ಅವರ ಮಗ ಪ್ರವೀಣ್ ಕುಮಾರನ ಮದುವೆ ಆ ತಿಂಗಳ ಕೊನೆಗೆ ಗೊತ್ತಾಗಿತ್ತು. ಭದ್ರವಾದ ಏರಿಗೆ ಮೊದಲ ಮದುವೆ ಬುಟ್ಟಿ ತಮ್ಮ ಮನೆಯದಾಗಬೇಕೆಂಬ ಆಸೆಯಿಂದಲೇ ಅವರು ಟ್ರ್ಯಾಕ್ಟರ್ ಕೊಟ್ಟಿದ್ದು.

"ನೋಡು ಮಮತಾ," ಎಂದರು, "ನಾನು ಹಳೇ ಕಾಲದ ಮನ್ಷ ಅಲ್ಲ. ನೀನು ಮೆಂಬರ್ ಆದಾಗ ಹಾರ ಹಾಕಿದೋನು ನಾನೇ. ಆದ್ರೆ ತೂಬಿನ ಜಾಗಕ್ಕೆ ಒಂದು ಪದ್ಧತಿ ಐತೆ. ಆ ಮಣ್ಣು ನೀನೇ ಕೈಯಾರೆ ತೆಗೆದುಬಿಡು. ತಪ್ಪಾಯ್ತು ಅಂತ ಒಂದು ಮಾತು ಅಂದುಬಿಡು. ನಾಳೆ ಟ್ರ್ಯಾಕ್ಟರ್ ತಿರುಗಾ ಇಳಿತಾವೆ."

"ಅನ್ನದಿದ್ರೆ?"

"ಇಳಿಯಲ್ಲ."

ಮಮತಾಳ ತಂದೆ ಧರ್ಮಪ್ಪ ಹಿಂದಿನಿಂದ ಅವಳ ತೋಳು ಮುಟ್ಟಿದರು. "ಅಂದುಬಿಡವ್ವ. ಒಂದು ಮಾತು ತಾನೆ. ಮಳೆ ತಲೆ ಮೇಲೈತೆ. ಕೆಳಗೆ ಇರೋದು ನಮ್ಮ ಮನೆಗಳೇ."

ಅದು ಸುಳ್ಳಲ್ಲ. ಒಂದು ಮಾತಿಗೆ ಟ್ರ್ಯಾಕ್ಟರುಗಳು ಮರಳುತ್ತವೆ, ಏರಿ ಗಟ್ಟಿಯಾಗುತ್ತದೆ, ಕೇರಿ ಉಳಿಯುತ್ತದೆ. ಮಮತಾ ಅಜ್ಜಿಯತ್ತ ನೋಡಿದಳು. ಮೂಕಮ್ಮ ಒಂದು ಬೆರಳಿನಿಂದ ಹುಬ್ಬಿನ ಗುರುತನ್ನು ಸುಮ್ಮನೆ ಸವರಿಕೊಂಡಳು.

"ರೇವಣ್ಣಾರೆ," ಎಂದಳು ಮಮತಾ, "ಆ ಮಣ್ಣು ಬಿದ್ದಿರೋದು ಬಿರುಕಿನ ಮೇಲೆ. ಅದನ್ನ ತೆಗೆದ್ರೆ ಬಿರುಕು ನಿಮಗೂ ಕಾಣ್ತೈತೆ, ನೀರಿಗೂ ಕಾಣ್ತೈತೆ. ನೀರು ಬರುವಾಗ ಯಾರ ಬುಟ್ಟೀದು ಅಂತ ಕೇಳಿ ಬರಲ್ಲ. ಆ ಮಣ್ಣು ಅಲ್ಲೇ ಇರ್ತೈತೆ. ತಪ್ಪಾಯ್ತು ಅನ್ನೋ ಮಾತು ನನ್ನ ಬಾಯಾಗೆ ಇಲ್ಲ."

ಮರುದಿನ ಟ್ರ್ಯಾಕ್ಟರುಗಳು ಕೆರೆಗೆ ಇಳಿಯಲಿಲ್ಲ.

*

ಮುಂದಿನ ಭಾನುವಾರ ಹೊನ್ನಾಳಿಯವರ ಮುಯ್ಯಿ ತೀರಿಸುವ ಸರದಿ. ತುಂಗಭದ್ರೆಯ ದಂಡೆ ಪ್ರವಾಹಕ್ಕೆ ಕುಸಿಯುತ್ತಿದ್ದ ಕಡೆ ಬಿದಿರು, ಹೊಂಗೆ ನೆಡುವ ಕೆಲಸ. ಮಮತಾ ಗುಂಡಿ ತೋಡುತ್ತಿದ್ದ ಸಾಲಿಗೇ ಸತೀಶ್ ಬಂದು ನಿಂತ. ಈ ಸಲ ಮಾಸಿದ ಟೀ ಶರ್ಟು.

"ಬಿಳಿ ಅಂಗಿ ಏನಾಯ್ತು ಸಾವ್ಕಾರ್ರೆ?"

"ಒಗೆಯಾಕೆ ಕೊಡಲಿಲ್ಲ. ಹಂಗೇ ಇಟ್ಟೀನಿ."

ಅವಳು ಮಣ್ಣಿನತ್ತ ಬಾಗಿದಳು. ಮುಖದ ಬಣ್ಣ ಹೊಳೆಗೂ ಕಾಣಬಾರದಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವನು ದನಿ ತಗ್ಗಿಸಿ ಹೇಳಿದ: "ನನ್ನಿಂದ ನಿಮ್ಮ ಕೆಲಸ ನಿಂತೋಯ್ತಂತೆ. ನಾನೇ ಬಂದು ರೇವಣ್ಣಾರಿಗೆ ಹೇಳ್ತೀನ್ರಿ. ಹೊರಗಿನೋನು, ಗೊತ್ತಿಲ್ದೆ ಆಯ್ತು, ತಪ್ಪು ನಂದು ಅಂತ."

ಸಸಿಯ ಬುಡ ಒತ್ತುತ್ತಿದ್ದ ಮಮತಾಳ ಕೈ ನಿಂತಿತು. "ಏನು ತಪ್ಪು?"

"ಅದೇ, ಬುಟ್ಟಿ ಹಿಡಿದಿದ್ದು."

"ಬುಟ್ಟಿ ಭಾರ ಇತ್ತು, ಹಿಡಿದ್ರಿ. ಅದ್ರಾಗೆ ತಪ್ಪು ಎಲ್ಲೈತೆ? ನನ್ನ ಜೊತೆ ಹಿಡಿದಿದ್ದು ತಪ್ಪಾ? ತೂಬಿನ ಮೇಲೆ ಸುರಿದಿದ್ದು ತಪ್ಪಾ? ಬಿಡಿಸಿ ಹೇಳ್ರಿ. ನಮ್ಮಜ್ಜಿ ಕೇಳಿದ್ರೆ ನಾನೂ ಹೇಳಬೇಕಲ್ಲ."

ಹೊಳೆಯ ಮೇಲಿನ ಗಾಳಿ ಎಳೆಯ ಬಿದಿರೆಲೆಗಳನ್ನು ಅಲ್ಲಾಡಿಸುತ್ತಿತ್ತು.

"ಗೊತ್ತಿದ್ದಿದ್ರೆ..." ಎಂದು ತೊದಲಿದ.

"ಗೊತ್ತಿದ್ದಿದ್ರೆ ಹಿಡೀತಿರಲಿಲ್ಲ. ಅಷ್ಟೇ ಅಲ್ವಾ?"

"ಗೊತ್ತಿದ್ದಿದ್ರೆ ಕೈ ತೊಳ್ಕೊಂಡು, ತಲೆ ಬಾಚ್ಕೊಂಡು ಹಿಡೀತಿದ್ದೆ."

ಮಮತಾ ತಲೆಯೆತ್ತಿ ಅವನನ್ನು ನೋಡಿದಳು. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ಆ ನೋಟವನ್ನು ಅವಳು ಬಹಳ ಹೊತ್ತು ತಾಳಿಕೊಂಡಳು. ಸೋಲುವ ಮುನ್ನ ಮಾತನಾಡಿದಳು.

"ಇಲ್ಲಿ ಹೇಳಬ್ಯಾಡ್ರಿ. ಇಲ್ಲಿ ಹೊಳೆ ಐತೆ, ಬಿದಿರು ಐತೆ, ಕೇಳೋರು ಯಾರೂ ಇಲ್ಲ. ಹೊಳೆ ದಂಡೆ ಮೇಲೆ ಎಲ್ರೂ ಧೈರ್ಯವಂತರೇ. ಎಲ್ಲಿ ಬುಟ್ಟಿ ಹಿಡಿದ್ರೋ ಅಲ್ಲಿ ಬಂದು ಹೇಳ್ರಿ. ರೇವಣ್ಣಾರ ಮುಂದೆ ಹೇಳ್ರಿ. ನಿಮ್ಮಪ್ಪಾರ ಮುಂದೆ ಹೇಳ್ರಿ. ಅಲ್ಲೀತನಕ ನಾನು ಮೆಂಬರ್ರು, ನೀವು ಸಾವ್ಕಾರ್ರು."

ತಂದೆಯ ಹೆಸರು ಬಂದೊಡನೆ ಅವನ ಮುಖ ಸಣ್ಣದಾಯಿತು. "ನಮ್ಮಪ್ಪ ಒಂದು ಮಾತಿಗೆ ಬಾಗಿಲು ಹಾಕ್ಕೊಳ್ಳೋ ಮನ್ಷ."

"ಹಾಕ್ಕೊಳ್ಳಲಿ. ಹೊರಗೆ ಕೂತು ಗೊತ್ತಿರೋರ ಮನೆಯೋಳು ನಾನು. ಅಲ್ಲೇನು ಗಾಳಿ ಬೀಸಲ್ವಾ?"

ಅವನು ಗುದ್ದಲಿ ಎತ್ತಿಕೊಂಡಾಗ ಅಂಗೈಯ ಬೊಬ್ಬೆ ಒಡೆದಿದ್ದುದು ಅವಳ ಕಣ್ಣಿಗೆ ಬಿತ್ತು. ಸೊಂಟದ ಕರವಸ್ತ್ರ ತೆಗೆದು ಅವನತ್ತ ಎಸೆದಳು.

"ಕಟ್ಕೊಳ್ರಿ. ಬುಟ್ಟಿ ಹಿಡಿಯಾಕಾದ್ರೂ ಕೈ ಬೇಕಲ್ಲ."

*

ಆ ವಾರ ಆಕಾಶದ ಬಣ್ಣ ತಿರುಗಿತು. ಭಾನುವಾರ ಕಳೆದು ಬರುವ ಮಂಗಳವಾರ ಭಾರಿ ಮಳೆಯೆಂದು ಮುನ್ಸೂಚನೆ ಬಂತು. ಮಮತಾ ಬಳಗದ ವಾಟ್ಸಾಪ್ ಗುಂಪಿಗೆ ಹೀಗೆ ಬರೆದಳು: "ನಮ್ಮೂರಲ್ಲಿ ಟ್ರ್ಯಾಕ್ಟರ್ ಇಲ್ಲ. ಏರಿಯ ಬಿರುಕು ಹಾಗೇ ಇದೆ. ಈ ಭಾನುವಾರ ಕೈಯಲ್ಲಿ ಏನು ಹಿಡಿಯುತ್ತದೋ ಅದನ್ನು ತಗೊಂಡು ಬರ್ರಿ."

ಬಂದರು. ಹೊನ್ನಾಳಿಯವರು ಮರಳು ಹೊರುವ ಚೀಲಗಳನ್ನು ತಂದರು. ನ್ಯಾಮತಿಯವರು ಗುಡ್ಡದ ಗುದ್ದಲಿಗಳನ್ನೇ ಹೊತ್ತು ತಂದರು. ಹತ್ತಿರದ ಸೊಕ್ಕೆ ಊರಿನಿಂದ ಒಂದು ಗುಂಪು ನಡೆದೇ ಬಂತು. ಚನ್ನಗಿರಿಯವರು ಬಾಡಿಗೆಯ ಟೆಂಪೊದಲ್ಲಿ ಬಂದರು. ಬೊಲೆರೊ ಬರಲಿಲ್ಲ.

ಮಮತಾ ಯಾರನ್ನೂ ಕೇಳಲಿಲ್ಲ. ಮಣ್ಣು ತುಂಬಿದಳು, ಹೊತ್ತಳು, ಸುರಿದಳು, ಮತ್ತೆ ಇಳಿದಳು. ಪ್ರತಿ ಸಲ ಏರಿ ಹತ್ತಿದಾಗಲೂ ಕಣ್ಣು ತಾನಾಗಿ ಜಗಳೂರಿನ ರಸ್ತೆಯತ್ತ ಹೋಗುತ್ತಿತ್ತು.

"ಅಕ್ಕಾ," ರಕ್ಷಾ ಬಾಂಡ್ಲಿ ಎತ್ತಿಕೊಡುತ್ತ ಕೇಳಿದಳು, "ಆ ರೋಡ್ನಾಗೂ ಹೂಳು ತುಂಬೈತಾ? ಅವಾಗಿಂದ ಅದನ್ನೇ ನೋಡ್ತಿದ್ದೀಯ."

"ಬಾಯಿ ಮುಚ್ಕೊಂಡು ಮಣ್ಣು ತುಂಬೇ."

ಮಧ್ಯಾಹ್ನದ ಹೊತ್ತಿಗೆ ರೇವಣ್ಣನವರು ಮೇಲಿನ ಬೀದಿಯ ಹಲವರೊಂದಿಗೆ ಬಂದು ತೂಬಿನ ಕಲ್ಲಿನ ಮೇಲೆ ಕೈಕಟ್ಟಿ ನಿಂತರು. ತುದಿಯಿಂದ ಏರಿ ಗಟ್ಟಿಯಾಗುತ್ತ ಬಂದಿತ್ತು. ಉಳಿದದ್ದು ಅವರು ನಿಂತ ಜಾಗ ಮಾತ್ರ, ಬಿರುಕು ಇದ್ದ ಜಾಗ.

"ಎಲ್ಲವ್ವಾ ನಿನ್ನ ಸಾವ್ಕಾರ?" ಎಂದರು. "ಮಣ್ಣು ಹಾಕಿ ಹೋದೋನು ತಿರುಗಾ ಬಂದನೇನು?"

ಆ ಮಾತು ನಾಟಿತು. ಎಲ್ಲಿ ನಾಟಿತೆಂಬುದನ್ನು ಮಮತಾ ಯಾರಿಗೂ ತೋರಿಸಲಿಲ್ಲ. ಬದಿಗಿಟ್ಟಿದ್ದ ಬಿದಿರ ಬುಟ್ಟಿಯನ್ನು ಎಳೆದುಕೊಂಡು ಹಸಿಮಣ್ಣನ್ನು ಅಂಚಿನವರೆಗೆ ತುಂಬಿದಳು.

"ಯಾರು ಬರಲಿ, ಬಿಡಲಿ, ಈ ಬಿರುಕು ಇವತ್ತು ಮುಚ್ತೈತೆ. ದಾರಿ ಬಿಡ್ರಿ."

ಒಬ್ಬಳೇ ಎತ್ತಿದಳು. ತೋಳಿನ ನರಗಳು ಬಿಗಿದವು. ಕೆಲವು ಹೆಜ್ಜೆ ನಡೆದಳು. ಇಳಿಜಾರಿನಲ್ಲಿ ಕಾಲು ಅದೇ ಜಾಗದಲ್ಲಿ ಜಾರಿತು.

"ಹಿಡೀಲಾ?"

ಬುಟ್ಟಿಯ ಆಚೆ ಬಿಳಿ ಅಂಗಿಯೊಂದು ನಿಂತಿತ್ತು. ಒಗೆಯದ ಅಂಗಿ, ಹೋದ ಸಲದ ಹೂಳು ಅದರ ಮೇಲೆ ಒಣಗಿ ನಕ್ಷೆ ಬರೆದಿತ್ತು. ಅಂಗೈಗೆ ಅವಳ ಕರವಸ್ತ್ರ ಸುತ್ತಿತ್ತು. ಅವನು ಏದುಸಿರು ಬಿಡುತ್ತಿದ್ದ.

"ಬೊಲೆರೊ ಕೀ ಅಪ್ಪ ಇಸ್ಕೊಂಡ್ರು. ಬಸ್ಸಿಗೆ ಬಂದೆ. ಕ್ರಾಸಿನಿಂದ ಓಡ್ಕೊಂಡೇ ಬಂದೆ." ಕೈ ಚಾಚಿದ, ಮುಟ್ಟಲಿಲ್ಲ. "ಹಿಡೀಲಾ?"

ಕೆರೆಯ ಅಂಗಳದಲ್ಲಿದ್ದವರೆಲ್ಲ ಇತ್ತ ತಿರುಗಿದರು.

"ಗೊತ್ತಿದ್ದು ಕೇಳ್ತೀರೋ, ಗೊತ್ತಿಲ್ದೆ ಕೇಳ್ತೀರೋ?" ಎಂದಳು ಮಮತಾ.

"ಗೊತ್ತಿದ್ದೇ ಕೇಳ್ತಿದ್ದೀನಿ, ಮಮತಾ."

ಮೆಂಬರ್ರೆ ಎನ್ನಲಿಲ್ಲ. ತನ್ನ ಹೆಸರು ಇಷ್ಟು ಚಿಕ್ಕದೆಂದೂ ಇಷ್ಟು ಸಾಕೆಂದೂ ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ.

"ಹಂಗಾದ್ರೆ ಹಿಡಿ," ಎಂದಳು.

ಬಹುವಚನ ಬಿಟ್ಟದ್ದನ್ನು ಮೊದಲು ಗುರುತಿಸಿದವಳು ರಕ್ಷಾ. ಅವಳು ಹಾಕಿದ ಸಿಳ್ಳೆ ಕೆರೆಯ ಆಚೆ ದಡದವರೆಗೂ ಕೇಳಿಸಿತು.

ಅಷ್ಟರಲ್ಲಿ ರಸ್ತೆಯ ಮೇಲೆ ಧೂಳೆಬ್ಬಿಸುತ್ತ ಬೊಲೆರೊ ಬಂದು ನಿಂತಿತು. ಹಣೆಯ ಮೇಲೆ ವಿಭೂತಿ, ಹೆಗಲ ಮೇಲೆ ವಲ್ಲಿ, ಕಲ್ಲೇಶಪ್ಪನವರು ಇಳಿಯದೆ ಕಿಟಕಿಯಿಂದಲೇ ಕೂಗಿದರು.

"ಸತೀಶಾ! ಗಾಡಿ ಹತ್ತು."

ಸತೀಶ್ ತಿರುಗಿ ನೋಡಿದ. ಅವನ ಬೆರಳುಗಳು ಬಿದಿರಿನ ಮೇಲೆ ಬಿಗಿಯಾದುದು ಮಮತಾಳಿಗೆ ಬುಟ್ಟಿಯ ಮೂಲಕವೇ ತಿಳಿಯಿತು. ಅವನು ಹೆದರಿದ್ದ. ಹೆದರಿಕೊಂಡೇ ನಿಂತಿದ್ದ.

"ಕೈ ತುಂಬೈತಪ್ಪಾ," ಎಂದ. "ಇದನ್ನ ಏರಿಗೆ ಹಾಕದೆ ಇಳಿಸಾಕೆ ಬರಲ್ಲ. ನಾನು ಈ ಹುಡುಗೀನ ಮದುವೆ ಆಗ್ತೀನಿ. ನಿಮ್ಮ ಎದುರಿಗೇ ಹೇಳಬೇಕು ಅಂತಿದ್ದೆ. ನೀವೇ ಬಂದಿದ್ದು ಚೆನ್ನಾಗಾಯ್ತು."

ಕಲ್ಲೇಶಪ್ಪನವರು ಕಿಟಕಿಯ ಗಾಜು ಏರಿಸಿದರು. ರೇವಣ್ಣನವರು ತೂಬಿನ ಕಲ್ಲಿನಿಂದ ಕದಲಲಿಲ್ಲ.

"ಇದು ನಮ್ಮ ಮನೆತನದ ಜಾಗ. ಇಲ್ಲಿ ಮೊದಲು ಬೀಳಬೇಕಾದ್ದು ನಮ್ಮ ಪ್ರವೀಣನ ಬುಟ್ಟಿ."

"ಬೀಳಲಿ ರೇವಣ್ಣಾರೆ. ನಾನೇ ಬಂದು ಸೋಬಾನೆ ಹಾಡ್ತೀನಿ," ಎಂದಳು ಮಮತಾ. "ಆದ್ರೆ ಜಾಗ ನಿಮ್ಮದಲ್ಲ. ಈ ಏರಿಯೊಳಗೆ ನಮ್ಮಜ್ಜಿ ಹೊತ್ತ ಮಣ್ಣೈತೆ. ಅವತ್ತು ವಾಪಸ್ ಕೇಳಿದ್ಲು, ನಿಮ್ಯಾರ ಕೈಲೂ ಕೊಡಾಕೆ ಆಗಲಿಲ್ಲ. ಇವತ್ತು ನಾನು ಕೇಳ್ತೀನಿ. ಅದ್ಯಾವ್ದು ಅಂತ ಆರಿಸಿ ತೆಗೆದುಕೊಡ್ರಿ. ಕೊಟ್ರೆ ಈಗಲೇ ಹೊತ್ಕೊಂಡು ಹೋಗ್ತೀವಿ. ಆಗದಿದ್ರೆ ಪಕ್ಕಕ್ಕೆ ಸರೀರಿ, ಬುಟ್ಟಿ ಭಾರ ಐತೆ."

ಪಾವಟಿಗೆಯ ಬಳಿ ಕುಳಿತಿದ್ದ ಮೂಕಮ್ಮ ಎದ್ದು ನಿಂತಳು. ಅವಳೊಡನೆ ಕೇರಿಯ ಹೆಂಗಸರು ನಿಂತರು. ಅವರೊಡನೆ ನಾಲ್ಕು ತಾಲ್ಲೂಕಿನ ಹುಡುಗ ಹುಡುಗಿಯರು. ಒಬ್ಬರೂ ಕೂಗಲಿಲ್ಲ. ಎಲ್ಲರ ಕೈಯಲ್ಲೂ ತುಂಬಿದ ಬಾಂಡ್ಲಿಗಳಿದ್ದವು.

ಆ ಮೌನದೊಳಕ್ಕೆ ಗುಡುಗುಡು ಸದ್ದು ಮಾಡುತ್ತ ಟ್ರ್ಯಾಕ್ಟರೊಂದು ಕೆರೆಗೆ ಇಳಿಯಿತು. ಓಡಿಸುತ್ತಿದ್ದವನು ಪ್ರವೀಣ್ ಕುಮಾರ್.

"ಏಯ್, ಯಾರು ಹೇಳಿದ್ರೋ ನಿನಗೆ?" ರೇವಣ್ಣನವರು ಗದರಿದರು.

"ನಿಮ್ಮ ಸೊಸೆ ಆಗೋಳು ಹೇಳಿದ್ಲು." ಪ್ರವೀಣ ಎಂಜಿನ್ ಆರಿಸದೆಯೇ ಕೂಗಿದ. "ಫೋನಿನಾಗೆ ಕೇಳಿದ್ಲು, ಮಂಗಳವಾರ ಏರಿ ಒಡೆದೋದ್ರೆ ನಾವು ಬುಟ್ಟಿ ಎಲ್ಲಿ ಹಾಕೋದ್ರಿ ಅಂತ. ನನಗೆ ಉತ್ತರ ಗೊತ್ತಾಗಲಿಲ್ಲ. ನಿಮಗೆ ಗೊತ್ತಿದ್ರೆ ಹೇಳಪ್ಪಾ, ಆಕೆಗೆ ಹೇಳಿಬಿಡ್ತೀನಿ."

ಯಾರೋ ಕಿಸಕ್ಕೆಂದರು. ನಗು ಒಬ್ಬರಿಂದ ಒಬ್ಬರಿಗೆ ಹಬ್ಬಿ ಮೇಲಿನ ಬೀದಿಯವರನ್ನೂ ಮುಟ್ಟಿತು. ರೇವಣ್ಣನವರು ನಗಲಿಲ್ಲ. ವಲ್ಲಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಕಲ್ಲಿನಿಂದ ಕೆಳಗಿಳಿದರು. ಸೋತೆನೆನ್ನಲಿಲ್ಲ, ಒಪ್ಪಿದೆನೆನ್ನಲಿಲ್ಲ, ದಾರಿ ಮಾತ್ರ ಬಿಟ್ಟರು.

ಮಮತಾ ಒಂದು ಅಂಚು, ಸತೀಶ್ ಇನ್ನೊಂದು ಅಂಚು. ಇಬ್ಬರೂ ತೂಬಿನ ಮೇಲೆ ಹತ್ತಿದರು. ಈ ಸಲ ಬುಟ್ಟಿಯನ್ನು ನಿಧಾನವಾಗಿ ಬಾಗಿಸಿದರು, ಊರೆಲ್ಲ ನೋಡುವಷ್ಟು ನಿಧಾನವಾಗಿ.

ಮಣ್ಣು ಬಿದ್ದ ಮೇಲೆ ನೋಡಿದರೆ ಬೊಲೆರೊ ಇದ್ದಲ್ಲಿ ಧೂಳು ಮಾತ್ರ ಉಳಿದಿತ್ತು. ಸತೀಶ್ ಆ ಧೂಳು ಇಳಿಯುವವರೆಗೂ ರಸ್ತೆಯನ್ನೇ ನೋಡಿದ. ಮಮತಾ ಸಮಾಧಾನ ಹೇಳಲಿಲ್ಲ. ಖಾಲಿ ಬುಟ್ಟಿಯನ್ನು ಅವನತ್ತ ಚಾಚಿ, ತನ್ನ ಅಂಚನ್ನು ಹಿಡಿದುಕೊಂಡೇ ನಿಂತಳು.

"ಇನ್ನೊಂದು?" ಎಂದಳು.

"ಇನ್ನೊಂದು," ಎಂದ ಅವನು.

*

ಮಳೆ ಮಂಗಳವಾರದ ಸಂಜೆ ಬಂತು. ಬಂದದ್ದು ಮಳೆಯಲ್ಲ, ಆಕಾಶವೇ ಕಟ್ಟು ಬಿಚ್ಚಿಕೊಂಡು ಬಿದ್ದಂತಿತ್ತು. ಹಳ್ಳ ಕೆಂಪಾಗಿ ಹರಿದು ಕೆರೆಗೆ ನುಗ್ಗಿತು. ಕೇರಿಯವರೂ ಮೇಲಿನ ಬೀದಿಯವರೂ ಗೋಣಿಚೀಲ ಹೊದ್ದು ಏರಿಯ ಮೇಲೆ ನಿಂತು ನೀರು ಏರುವುದನ್ನು ಕಂಡರು. ಜಗಳೂರಿನ ಗೆಳೆಯನ ಕೋಣೆಯಲ್ಲಿ ಉಳಿದುಕೊಂಡಿದ್ದ ಸತೀಶನೂ ಅಲ್ಲಿದ್ದ. ನೀರು ತೂಬಿನ ಕಲ್ಲನ್ನು ಮುಟ್ಟಿತು, ಹಸಿಮಣ್ಣನ್ನು ನೆಕ್ಕಿತು, ತಡವರಿಸಿತು, ಕೋಡಿಯ ಕಡೆಗೆ ತಿರುಗಿತು.

ಏರಿ ನಿಂತಿತು.

ಆ ಗದ್ದಲದಲ್ಲಿ ಸತೀಶನ ಫೋನು ರಿಂಗಾಯಿತು. ಪರದೆಯ ಮೇಲಿನ ಹೆಸರನ್ನು ಕಂಡು ಅವನು ಅದನ್ನು ಮಮತಾಳಿಗೂ ಕೇಳಿಸುವಂತೆ ಇಬ್ಬರ ಕಿವಿಯ ನಡುವೆ ಹಿಡಿದ.

"ಏರಿ ನಿಂತಿತಾ?" ಕಲ್ಲೇಶಪ್ಪನವರ ದನಿ.

"ನಿಂತೈತಪ್ಪಾ."

ಆಚೆ ಕಡೆಯ ದನಿ ಬೇರೆ ಮಾತಿಗೆ ಹೊರಳಿತು.

"ಒಂದೇ ಅಂಗಿ ಇಟ್ಕೊಂಡು ಹೋಗಿದ್ದೀಯ. ನಿಮ್ಮವ್ವ ನಾಳೆ ಬಟ್ಟೆ ತಗೊಂಡು ಬರ್ತಾಳಂತೆ. ನಾನು ಬರಲ್ಲ. ಡ್ರೈವರ್ ಕಳಿಸ್ತೀನಿ." ಫೋನು ಕಟ್ಟಾಯಿತು.

ಮಮತಾ ಮಳೆಯಲ್ಲಿ ನಕ್ಕಳು. "ಬಾಗಿಲು ಹಾಕೈತೆ," ಎಂದಳು, "ಚಿಲಕ ಹಾಕಿಲ್ಲ."

"ಹಾಕಿದ್ರೂ ಏನು? ಹೊರಗೆ ಗಾಳಿ ಬೀಸ್ತೈತೆ ಅಂತ ಯಾರೋ ಹೇಳಿದ್ರು." ಅವನು ಅವಳ ಒದ್ದೆ ಹಣೆಯಿಂದ ಕೂದಲೊಂದನ್ನು ಸರಿಸಿದ, ಊರಿನ ಎದುರಿಗೇ ಸರಿಸಿದ.

*

ಬೆಳಿಗ್ಗೆ ಕೆರೆ ಹೊಸ ಕಂಚಿನ ತಟ್ಟೆಯಂತೆ ಹೊಳೆಯುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ನೀರು ಮೂಕಮ್ಮನ ಪಾವಟಿಗೆಯ ಮೇಲಿನ ಮೆಟ್ಟಿಲಿಗೆ ಬಂದು ಕುಳಿತಿತ್ತು. ಮೂಕಮ್ಮ ಕೊಡ ಮುಳುಗಿಸಿ, ತುಂಬಿದ ಮೇಲೂ ಎತ್ತದೆ, ನೀರಿನಲ್ಲಿ ಕೈಯಾಡಿಸುತ್ತ ಕುಳಿತಳು. ಆಚೆ ತೂಬಿನ ಹತ್ತಿರ ಮಮತಾ ಮತ್ತು ಸತೀಶ್ ಏರಿಯನ್ನು ತುಳಿದು ಗಟ್ಟಿಮಾಡುತ್ತಿದ್ದರು. ಯಾರ ಹೆಜ್ಜೆ ಆಳವೆಂದು ಜಗಳವಾಡುತ್ತಿದ್ದದ್ದು ಇಲ್ಲಿಗೂ ಕೇಳುತ್ತಿತ್ತು.

ರಕ್ಷಾ ಬಂದು ಅಜ್ಜಿಯ ಪಕ್ಕದ ಮೆಟ್ಟಿಲ ಮೇಲೆ ಕುಳಿತಳು. ಇಯರ್‌ಫೋನನ್ನು ಸುತ್ತಿ ಜೇಬಿಗೆ ಹಾಕಿದಳು. ಸ್ವಲ್ಪ ಹೊತ್ತು ಅಜ್ಜಿಯ ಹುಬ್ಬನ್ನೇ ನೋಡಿ, ಆ ಗುರುತಿನ ಮೇಲೆ ಒದ್ದೆ ಬೆರಳಿಟ್ಟಳು.

"ಅಜ್ಜಿ, ಇನ್ನೊಂದು ಸಲ ಹೇಳು."

"ಸಾವಿರ ಸಲ ಕೇಳೀನಿ ಅಂತಿದ್ದೆ?"

"ಕೇಳಿರಲಿಲ್ಲ. ಹೇಳಜ್ಜಿ. ಬುಟ್ಟಿದು."

"ಯಾವ ಬುಟ್ಟಿದೇ? ನಂದೋ, ನಿಮ್ಮಕ್ಕಂದೋ?"

ರಕ್ಷಾ ತೂಬಿನ ಕಡೆ ನೋಡಿದಳು, ನೀರಿನ ಕಡೆ ನೋಡಿದಳು, ಮೊಣಕಾಲು ತಬ್ಬಿಕೊಂಡು ಸರಿಯಾಗಿ ಕುಳಿತಳು.

"ಒಂದೇ ಬುಟ್ಟಿ ಅಲ್ವೇನಜ್ಜಿ ಅದು? ಮೊದಲಿಂದ ಹೇಳು."